ಸ್ವಲ್ಪ ಲೂಸ್ ಇರಲಿ

ನಮ್ಮಪ್ಪನಿಗೆ ಬರುವ ಇಂಗ್ಲಿಷ್ ಪದ ಒಂದೇ ಅಂತ ಅಮ್ಮ ಹಂಗಿಸುತ್ತಿದ್ದಳು. ಆ ಪದ ಲೂಸ್. ಮನೆಯ ಮುಂದಿನ ಕೋಣೆಯೇ ಅವನ ಟೈಲರ್ ಅಂಗಡಿ. ಯಾರೇ ಅಳತೆ ಕೊಡಲಿ, ಟೇಪು ಕೊರಳಿಗೆ ಹಾಕಿಕೊಳ್ಳುತ್ತಾ, "ಸ್ವಲ್ಪ ಲೂಸ್ ಇರ್ಲಿ, ಬೆಳೆಯೋ ಮೈ," ಅನ್ನುತ್ತಿದ್ದ. ಅರವತ್ತು ದಾಟಿದ ಪೋಸ್ಟ್‌ಮಾಸ್ತರರಿಗೂ ಅದೇ ಮಾತು.

ಆ ಒಂದು ಪದದಲ್ಲೇ ನಮ್ಮ ಸಂಸಾರ ನಡೆಯುತ್ತಿತ್ತು. ರೇಡಿಯೋ ಗೊರಗೊರ ಅಂದರೆ ವೈರು ಲೂಸು. ನನ್ನ ಹಾಲುಹಲ್ಲು ಅಲ್ಲಾಡಿದರೆ ಲೂಸು. ಟೀ ಪುಡಿ ಪೊಟ್ಟಣದ್ದಲ್ಲ, ಲೂಸು. ಹೊಟ್ಟೆ ಕೆಟ್ಟರೆ ಲೂಸ್ ಮೋಷನ್; ಆ ದಿನ ಮಾತ್ರ ಅಪ್ಪನ ಇಂಗ್ಲಿಷ್ ಎರಡು ಪದಕ್ಕೇರುತ್ತಿತ್ತು. ಮನೆಯ ಗುಟ್ಟನ್ನೆಲ್ಲ ಬೀದಿಗೆ ಹಂಚುವ ಚಿಕ್ಕಪ್ಪನ ಬಾಯಿ ಲೂಸು. ಇನ್ನು, ಅಂಗಿಗೇ ಚುಚ್ಚಿಕೊಂಡ ಸೂಜಿಗಾಗಿ ಅಪ್ಪ ಮನೆಯೆಲ್ಲ ತಡಕಾಡುವಾಗ ಅಮ್ಮನ ಪಾಲಿಗೆ ಅವನೇ ಲೂಸು. ಇಬ್ಬರೂ ಹೋಗಿ ಬಹಳ ಕಾಲವಾಯಿತು. ಈಗಲೂ ಯಾವ ಹೆಂಡತಿಯಾದರೂ ಗಂಡನನ್ನು ಹಾಗೆ ಬೈದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಾನು ಏಳನೇ ತರಗತಿಯಲ್ಲಿದ್ದಾಗ ಅಮ್ಮ ಕಾಯಿಲೆ ಬಿದ್ದಳು. ಆಸ್ಪತ್ರೆಯಿಂದ ಬಂದ ಮೇಲೂ ಊಟ ಸೇರಲಿಲ್ಲ. ಡಾಕ್ಟರು ಅಪ್ಪನನ್ನು ಬಾಗಿಲಾಚೆ ಕರೆದು, "ತೂಕ ಇಳೀತಾನೇ ಇದೆ. ಅದು ನಿಲ್ಲದಿದ್ರೆ ಕಷ್ಟ. ಅವ್ರಂತೂ ಧೈರ್ಯಗೆಡಬಾರ್ದು," ಅಂದರು. ನಾನು ಅಪ್ಪನ ಪಕ್ಕದಲ್ಲೇ ಇದ್ದೆ.

ಅಮ್ಮನ ಮೆಚ್ಚಿನ ಹಸಿರು ಗೌನು ಹೆಗಲಿಂದ ಜಾರತೊಡಗಿತು. ಮೈ ಇಳಿದುಹೋದದ್ದು ಅವಳಿಗೆ ಗೊತ್ತಾಗಬಾರದೆಂದು, ಅವಳು ಮಧ್ಯಾಹ್ನ ಮಲಗಿದಾಗ, ಒಗೆದು ಹಗ್ಗಕ್ಕೆ ಹಾಕಿದ್ದ ಅದನ್ನು ಅಪ್ಪ ಮೆಲ್ಲಗೆ ಎತ್ತಿಕೊಂಡು ಬಂದು ಎರಡೂ ಬದಿ ಒಂದಿಷ್ಟು ಹಿಡಿದು ಹೊಲಿಯುತ್ತಿದ್ದ. ಕೆಲವು ದಿನ ಕಳೆದರೆ ಅದರ ಪಕ್ಕ ಮತ್ತೊಂದು ಹೊಲಿಗೆ. ಮಿಷಿನ್ ಸದ್ದಾದೀತೆಂದು ಎಲ್ಲ ಕೈಯಲ್ಲೇ. ಮಿಕ್ಕ ಬಟ್ಟೆ ಒಳಗೆ ದಪ್ಪಗೆ ಮಡಿಕೆ ಬೀಳುತ್ತಿತ್ತು.

"ಕತ್ತರಿಸಿಬಿಡಪ್ಪ, ಅಮ್ಮಂಗೆ ಒತ್ತುತ್ತೆ," ಅಂತ ಕತ್ತರಿ ತೆಗೆದುಕೊಂಡೆ.

ಎಂದೂ ಗದರದವನು ಕತ್ತರಿ ಕಿತ್ತುಕೊಂಡ. "ಮುಟ್ಟಬೇಡ! ಅವ್ಳು ಮತ್ತೆ ಮೈತುಂಬ್ಕೋತಾಳೆ. ಆಗ ಬಟ್ಟೆ ಎಲ್ಲಿಂದ ತರ್ಲಿ?"

ನನಗೆ ಹೆದರಿಕೆಯಾಯಿತು. ಅವನು ನನಗಿಂತ ಹೆಚ್ಚು ಹೆದರಿದ್ದ.

ಆಗೆಲ್ಲ ಮನೆಯಲ್ಲಿ ಯಾರೂ ಲೂಸ್ ಅನ್ನುತ್ತಿರಲಿಲ್ಲ. ಟೀ ಪುಡಿಯೂ ಬರೀ ಟೀ ಪುಡಿಯಾಯಿತು. ಗಿರಾಕಿಗಳಿಗೆ ಅಪ್ಪ, "ಸರಿಯಾಗಿ ಹೊಲಿದ್ಕೊಡ್ತೀನಿ," ಅಂತಷ್ಟೇ ಹೇಳುತ್ತಿದ್ದ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಮ್ಮನಿಗೆ ಊಟ ರುಚಿಸತೊಡಗಿತು. ಒಂದು ಬೆಳಿಗ್ಗೆ ಅವಳು ಗೋಡೆ ಹಿಡಿಯದೆ ಅಂಗಡಿಗೆ ನಡೆದುಬಂದಳು. ಹಸಿರು ಗೌನಿನ ಬದಿ ಎಳೆದು ತೋರಿಸುತ್ತಾ ಸಿಡಿಮಿಡಿಗುಟ್ಟಿದಳು.

"ರೀ, ಉಸಿರಾಡೋಕೇ ಆಗ್ತಿಲ್ಲ. ಸ್ವಲ್ಪ ಲೂಸ್ ಮಾಡ್ಕೊಡಿ."

ಮಿಷಿನ್ ತುಳಿಯುತ್ತಿದ್ದ ಅಪ್ಪನ ಕಾಲು ನಿಂತಿತು. "ಏನಂದೆ?"

"ಲೂಸ್ ಮಾಡಿ ಅಂದೆ. ಕೊನೇಲಿ ಹಾಕಿದ್ರಲ್ಲ, ಆ ಹೊಲಿಗೆ ಬಿಚ್ಚಿದ್ರೆ ಸಾಕು. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ವಾ?"

ಅಪ್ಪ ತೊಡೆಯ ಮೇಲಿದ್ದ ಪೋಸ್ಟ್‌ಮಾಸ್ತರರ ಹೊಸ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡ.

"ಗೌನು ಬಿಗಿಯಾಯ್ತು ಅಂದ್ರೆ ಅಳ್ತಾರಾ? ಲೂಸು!" ಅಂದಳು ಅಮ್ಮ. ಅವಳ ಕಣ್ಣೂ ಒದ್ದೆಯಾಗಿತ್ತು.

ಆ ಸಂಜೆ ಅಪ್ಪ ಮೂಲೆಯ ಅಂಗಡಿಗೆ ಹೋಗಿ, ಇಡೀ ಬೀದಿಗೆ ಕೇಳುವ ಹಾಗೆ, "ಟೀ ಪುಡಿ ಕೊಡಿ, ಲೂಸು!" ಅಂತ ಕೂಗಿದ.