ಅಜ್ಜಿಯ ಕೈರುಚಿ

ಹಬ್ಬದೂಟಕ್ಕೆ ಆ ಮನೆಯಲ್ಲಿ ಹಾಲಿನ ಸಿಹಿ ತಳ ಹಿಡಿದು ಸೀದಿರಲೇಬೇಕು. ಅದು ಅಜ್ಜಿಯ ಕೈರುಚಿಯಂತೆ. ಮದುವೆಯಾದಾಗಿನಿಂದ ಸೊಸೆಯೇ ಅದನ್ನು ಸೀಯಿಸಿ, ಆಮೇಲೆ ಪಾತ್ರೆಯನ್ನೂ ತಿಕ್ಕುತ್ತಿದ್ದಳು. ಒಮ್ಮೆಯಾದರೂ ತನ್ನ ಅಡುಗೆ ಚೆನ್ನಾಗಿದೆ ಅನ್ನಿಸಿಕೊಳ್ಳಬೇಕೆಂದು ಈ ಸಲ ಒಲೆ ಬಿಟ್ಟು ಕದಲದೆ ಕೈಯಾಡಿಸಿದಳು. ಸಿಹಿ ಸೀಯಲಿಲ್ಲ.

ಮಾವ ಒಂದು ಚಮಚ ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದರು. "ಏನಮ್ಮಾ ಇದು? ನಮ್ಮಮ್ಮನ ರುಚಿಯೇ ಇಲ್ವಲ್ಲ!"

"ಹೋಟೆಲಿಂದ ತಂದ ಹಾಗಿದೆ," ಎಂದು ನಾದಿನಿ ಒಗ್ಗರಣೆ ಹಾಕಿದಳು. ಗಂಡ ಸಿಹಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಟ್ಟಲು ನೆಕ್ಕಿ ಮುಂದೆ ಚಾಚಿದಳು. "ಇನ್ನೊಂದಿಷ್ಟು ಹಾಕೇ. ಕೊನೆಗೂ ಒಬ್ಬಳು ಸರಿಯಾಗಿ ಮಾಡಿದ್ಲು. ನಾನು ಒಲೆ ಮುಂದೆ ತೂಕಡಿಸಿ ಸೀಯಿಸ್ತಿದ್ದೆ. ಈ ಪೆದ್ದುಮುಂಡೇವು ಚಪ್ಪರಿಸ್ಕೊಂಡು ತಿಂತಿದ್ವು."

"ಅಮ್ಮಂಗೆ ಅರಳು ಮರಳು," ಎಂದರು ಮಾವ. "ತನ್ನ ರುಚಿ ತನಗೇ ಮರೆತುಹೋಗಿದೆ." ಎಲ್ಲರೂ ತಲೆಯಾಡಿಸಿದರು.

ಸೊಸೆ ಎರಡು ಬಟ್ಟಲು ಸಿಹಿ ತೆಗೆದಿಟ್ಟು, ಉಳಿದದ್ದನ್ನು ಒಲೆಯ ಮೇಲಿರಿಸಿ ಉರಿ ದೊಡ್ಡದು ಮಾಡಿದಳು. ಆಮೇಲೆ ಅಜ್ಜಿಯ ಪಕ್ಕ ಕೂತು ತಿನ್ನತೊಡಗಿದಳು. ಸೀದ ವಾಸನೆ ಬಂದಾಗ ಮಾವ ಮೂಗರಳಿಸಿದರು. "ಹಾಂ, ಈಗ ಹಬ್ಬ ಅನ್ನಿಸ್ತು ನೋಡು!"

ಅಜ್ಜಿ ಬಾಯ್ತುಂಬ ಸಿಹಿ ಇಟ್ಟುಕೊಂಡೇ ಹೇಳಿದಳು, "ಪಾತ್ರೆ ಅವನೇ ತಿಕ್ಲಿ ಬಿಡು."