ಪೊರಕೆಯಲ್ಲದ್ದು

"ಬಸ್‌ಸ್ಟ್ಯಾಂಡಿನ ತನಕನೂ ಬರಲ್ಲ ತಾನೆ?" ಎಂದು ಹೆಂಡತಿ ಶ್ಯಾಮಲ ಕೇಳಿದಾಗ ಮೂರ್ತಿ ಮಂಚದ ಪಕ್ಕ ಬಗ್ಗಿ ಪ್ಲಗ್ ಪಾಯಿಂಟು ನೋಡುತ್ತಿದ್ದ. ಅಲ್ಲಿಂದಲೇ "ಹೂಂ" ಅಂದ. ಆ ಹೂಂ ಬರುತ್ತೇನೆನ್ನುವುದೋ ಬರುವುದಿಲ್ಲವೆನ್ನುವುದೋ ಅವನಿಗೇ ತಿಳಿದಿರಲಿಲ್ಲ. ಕಾಲೇಜಿನಲ್ಲಿ ಅವನು ಕಲಿಸುತ್ತಿದ್ದದ್ದು ತರ್ಕಶಾಸ್ತ್ರ. ಇಂಥ ಉತ್ತರ ಬರೆದ ಹುಡುಗರಿಗೆ ಸೊನ್ನೆ ಹಾಕುತ್ತಿದ್ದ.

"ಮೆಷಿನ್ನಿನವನು ಬರ್ತಾನೆ ಅಂದ್ನಲ್ಲ," ಎಂದ, ಎದ್ದು ಮೊಣಕಾಲು ಕೊಡವಿಕೊಳ್ಳುತ್ತ. "ಅವನದ್ದು ಮುಗಿಸಿ ಹಿಂದೇನೇ ಬಂದ್ಬಿಡ್ತೀನಿ. ನೀನು ಹೋಗಿ ಮನೆ ನೋಡ್ತಿರು."

"ಮನೆ ನೋಡಾಯ್ತು. ತಗೋತೀವಿ ಅನ್ನೋದೊಂದೇ ಬಾಕಿ. ಮಧ್ಯಾಹ್ನದ ತನಕ ಬೇರೆಯವರಿಗೆ ಕೊಡಲ್ಲ ಅಂದಿದಾರೆ."

"ಸರಿ."

"ನೀವು ಬರ್ತೀರಿ ಅಂತ ಚಿಕ್ಕಬಳ್ಳಾಪುರದಲ್ಲಿ ಇಳ್ಕೊಂಡು ಮಧ್ಯಾಹ್ನದ ತನಕ ಕಾಯ್ತೀನಿ. ಬರ್ಲಿಲ್ಲ ಅಂದ್ರೆ ಗೌರಿಬಿದನೂರಿನ ಬಸ್ ಹತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಉಸಿರಾಡೋಕೆ ಹೋಗ್ತಿರೋದು. ಅದಕ್ಕೆ ಎಷ್ಟು ದಿನ ಅಂತ ಹೇಳ್ಲಿ?"

ಜಗಳದ ದನಿಯಲ್ಲ. ಜಗಳವಾಡುವಷ್ಟು ಗಾಳಿ ಅವಳ ಎದೆಯಲ್ಲಿ ಉಳಿದಿರಲಿಲ್ಲ. ಮಾತಿನ ನಡುವೆ ನಿಂತು, ಗೋಡೆಗೆ ಕೈಯಾನಿಸಿ, ಒಳಗಿನ ಸಿಳ್ಳು ತಗ್ಗುವ ತನಕ ಕಾಯುತ್ತಿದ್ದಳು. ಕಾಯುವಾಗ ಮೂರ್ತಿ ಬೇರೆಡೆ ನೋಡುತ್ತಿದ್ದ.

ಶಿಡ್ಲಘಟ್ಟದ ಆ ಮನೆಯ ಹಿತ್ತಿಲಿನಲ್ಲಿ ಅವನ ಅಣ್ಣ ವೆಂಕಟರವಣಪ್ಪನ ಶೆಡ್ಡು. ರೇಷ್ಮೆ ನೂಲನ್ನು ಹುರಿ ಹಾಕುವ ಯಂತ್ರಗಳು ಕರೆಂಟು ಇದ್ದಷ್ಟು ಹೊತ್ತೂ ಗುಂಯ್ಗುಡುತ್ತಿದ್ದವು. ಅಲ್ಲಿಂದ ಏಳುವ ಕಣ್ಣಿಗೆ ಕಾಣದ ಎಳೆಪುಡಿ ಅಡುಗೆಮನೆ, ದೇವರಮನೆ, ಹಾಸಿಗೆ ಎನ್ನದೆ ಎಲ್ಲ ಕಡೆ ಕೂರುತ್ತಿತ್ತು. ನೂಲಿನವರು, ದಲ್ಲಾಳಿಗಳು, ನೀರು ಕೇಳುವ ಕೆಲಸದವರು, ಅಣ್ಣನ ಮಕ್ಕಳು, ಅವರ ಗೆಳೆಯರು ಎಂದು ದಿನವಿಡೀ ಮನೆಗೆ ಕಾಲುಗಳು ಬರುತ್ತಿದ್ದವು. ಬಂದ ಕಾಲಿನ ಜೊತೆ ಮಣ್ಣೂ ಬರುತ್ತಿತ್ತು. ಅನ್ನ ಹಾಕುವುದೂ ಅದೇ ಶೆಡ್ಡಾದ್ದರಿಂದ ಯಾರೂ ಅದನ್ನು ಬೈಯುವಂತಿರಲಿಲ್ಲ.

ಚಿಂತಾಮಣಿಯ ಡಾಕ್ಟರು ಶ್ಯಾಮಲಳ ಎದೆಗೆ ಕಿವಿಕೊಟ್ಟು ಹೇಳಿದ್ದು ಇಷ್ಟು: ಆ ಮನೆ ಬಿಡಿ, ಬಿಡೋಕೆ ಆಗಲ್ಲ ಅಂದ್ರೆ ಮನೇಲಿ ಧೂಳು ಬಿಡಬೇಡಿ, ಪೊರಕೆ ಹಾಕಿದ್ರೆ ಇನ್ನೂ ಏಳುತ್ತೆ. ಅದರಲ್ಲಿ ಮೊದಲ ಅರ್ಧ ಶ್ಯಾಮಲಳಿಗೆ ಕೇಳಿಸಿತು. ಉಳಿದರ್ಧ ಮೂರ್ತಿಗೆ ಕೇಳಿಸಿತು.

ಅಂದಿನಿಂದ ಅವನು ವ್ಯಾಕ್ಯೂಮ್ ಕ್ಲೀನರಿನ ಬೆನ್ನು ಹತ್ತಿದ. ಫಿಸಿಕ್ಸಿನ ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಎಳೆತದ ಬಲ ಎಂದರೇನೆಂದು ಕೇಳಿದ. ಬ್ಯಾಂಕ್ ಮ್ಯಾನೇಜರ ಮನೆಗೆ ಹೋಗಿ ಅವರ ಹೆಂಡತಿಯಿಂದ ಕ್ಲೀನರಿನ ಧೂಳಿನ ಚೀಲ ಬಿಚ್ಚಿಸಿ ನೋಡಿದ. ಯಾವುದರ ಮೋಟಾರು ಬೇಗ ಸುಡುತ್ತದೆ, ಯಾವುದರ ಪೈಪು ಸೀಳುತ್ತದೆ, ಯಾವುದಕ್ಕೆ ರಿಪೇರಿಯವನು ಬೆಂಗಳೂರಿಂದಲೇ ಬರಬೇಕು, ಎಲ್ಲ ಬಾಯಿಪಾಠವಾಯಿತು. ನಂಬಿಕಸ್ಥವಾದದ್ದನ್ನೇ ತೆಗೆದುಕೊಳ್ಳಬೇಕು, ಈ ಮನೆಯ ಗದ್ದಲಕ್ಕೆ ತಡೆಯುವಂಥದ್ದಿರಬೇಕು ಎಂದು ಶ್ಯಾಮಲಳ ಮುಂದೆ ಉತ್ಸಾಹದಿಂದ ಹೇಳುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಗೆಳತಿಯ ಜೊತೆ ಹೋಗಿ ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ನೋಡಿ ಬಂದಳು.

ಆ ಮನೆಗೆ ಅವನು ಬೇಡವೆಂದಿರಲಿಲ್ಲ. "ಅಮ್ಮ ಏನಂತಾರೋ," ಎಂದಿದ್ದ ಅಷ್ಟೆ.

ಈಗ ಅವಳು ಬ್ಯಾಗು ಎತ್ತಿಕೊಂಡು ಹೊರಟಳು. ನಡುಮನೆಯಲ್ಲಿ ಅತ್ತೆ ಅಕ್ಕಯ್ಯಮ್ಮನಿಗೆ ನಮಸ್ಕಾರ ಮಾಡಿದಳು. ಅಕ್ಕಯ್ಯಮ್ಮ ಕುಂಕುಮ ಹಚ್ಚಿ, "ಹೋಗ್ ಬಾಮ್ಮ," ಅಂದರು. ಮೂರ್ತಿ ಬಾಗಿಲವರೆಗೆ ಬಂದ. ಬೀದಿಯ ತಿರುವಿನಲ್ಲಿ ಅವಳು ಬ್ಯಾಗನ್ನು ಕೆಳಗಿಟ್ಟು ಉಸಿರು ಕೂಡಿಸಿಕೊಳ್ಳುವುದು ಕಾಣಿಸಿತು. ಓಡಿಹೋಗಿ ಬ್ಯಾಗು ಇಸಿದುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಎದುರಿನಿಂದ ಸ್ಕೂಟರು ಬಂತು. ಹಿಂದಿನ ಸೀಟಿಗೆ ಎರಡು ಡಬ್ಬ ಕಟ್ಟಿಕೊಂಡು, ಟೈ ಹಾರಿಸಿಕೊಂಡು ಖಾಜಾ ಪೀರ್ ಬರುತ್ತಿದ್ದ. ಮೂರ್ತಿಗೆ ನಿಜವಾಗಿ ನಿರಾಳವಾಯಿತು.

ಚಿಂತಾಮಣಿಯ ಖಾಜಾ ಪೀರ್ ಎರಡು ಕಂಪನಿಯ ಮಾಲನ್ನೂ ಮಾರುತ್ತಿದ್ದ. ಹಾಗಾಗಿ ಯಾವುದನ್ನೂ ಬೈಯುತ್ತಿರಲಿಲ್ಲ. ನಡುಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟ. ಒಂದು ಕೆಂಪು, ಹಂಡೆಯಂಥದ್ದು. ಇನ್ನೊಂದು ಬೂದು ಬಣ್ಣದ ಪುಟ್ಟದು. "ಇದು ಗಟ್ಟಿ ಸರ್, ಇದು ಹಗುರ. ಗಟ್ಟಿ ಬೇಕು ಅನ್ನೋರಿಗೆ ಇದು, ಹಗುರ ಬೇಕು ಅನ್ನೋರಿಗೆ ಇದು," ಎಂದು ವಿವರಿಸಿ, ಕೆಂಪಿನದರ ಸೊಂಡಿಲನ್ನು ನೆಲಕ್ಕೊತ್ತಿ ಸ್ವಿಚ್ಚಿಗೆ ಕೈ ಹಾಕಿದ.

"ಏಯ್, ತಡಿಯಪ್ಪಾ!" ಎಂದರು ಅಕ್ಕಯ್ಯಮ್ಮ.

ಖಾಜಾ ಪೀರ್ ಕೈ ಹಿಂದೆ ತೆಗೆದ.

"ಸೊಸೆ ಈಗಿನ್ನೂ ಹೊಸ್ಲು ದಾಟವ್ಳೆ. ಹೊರಟೋರ ಹಿಂದೇನೇ ಕಸ ಗುಡಿಸ್ಬಾರ್ದು. ಹೆಣ ಎತ್ತಿದ ಮನೇಲಿ ಹಂಗೆ ಮಾಡೋದು. ಅವ್ಳು ಊರು ಸೇರ್ಲಿ, ಆಮೇಲೆ ನೋಡಾನ."

"ನಮ್ಮನೇಲೂ ಅಂತಾರಮ್ಮ," ಎಂದ ಖಾಜಾ ಪೀರ್, ಗಿರಾಕಿ ಕೈತಪ್ಪೀತೆಂದು ಮೂರ್ತಿಯ ಮುಖ ನೋಡುತ್ತ. "ಕಾಯೋಣ ಅಂದ್ರೆ ಕಾಯೋಣ ಸರ್. ನಂಗೆ ಮಧ್ಯಾಹ್ನ ಚಿಕ್ಕಬಳ್ಳಾಪುರದಲ್ಲೊಂದು ಡೆಮೋ ಇದೆ, ಅಷ್ಟೆ."

ಮೂರ್ತಿಗೆ ಎಲ್ಲಿಲ್ಲದ ಧೈರ್ಯ ಬಂತು. ಈ ಮನೆಯಲ್ಲಿ ಅವನು ಯಾವ ಮಾತನ್ನೂ ಗೆದ್ದವನಲ್ಲ.

"ಅಮ್ಮಾ, ಗುಡಿಸೋದು ಅಂದ್ರೇನು? ಪೊರಕೆಯಿಂದ ಕಸ ತಳ್ಳೋದು. ಇದು ತಳ್ಳಲ್ಲ, ಎಳ್ಕೊಳುತ್ತೆ. ಹೊರಗೆ ಹಾಕಲ್ಲ, ಒಳಗೇ ಇಟ್ಕೊಳುತ್ತೆ. ಆದ್ದರಿಂದ ಇದು ಪೊರಕೆಯಲ್ಲ. ಪೊರಕೆಯಲ್ಲದ್ದರಿಂದ ಗುಡಿಸಿದ ಹಾಗಾಗಲ್ಲ."

"ಏಮಿರಾ ಇದಿ," ಎಂದು ಅಕ್ಕಯ್ಯಮ್ಮ ತೆಲುಗಿಗೆ ಹೊರಳಿದರು. ಸೋತಾಗ ಅವರು ತೆಲುಗಿಗೆ ಹೋಗುತ್ತಿದ್ದರು. "ಓದಿದೋನು ನೀನು. ನಿಂಗೆ ತಿಳಿದಂಗೆ ಮಾಡು."

ಗೆದ್ದದ್ದು ಖುಷಿ ಕೊಡಲಿಲ್ಲ. ಆದರೂ ಸ್ವಿಚ್ಚು ಅವನೇ ಒತ್ತಿದ.

ಆ ಸದ್ದಿಗೆ ಮನೆಯೇ ನೆರೆಯಿತು. ಖಾಜಾ ಪೀರ್ ಪೈಪಿನ ನಡುವೆ ಬಿಳಿ ಬಟ್ಟೆಯ ಬಿಲ್ಲೆಯೊಂದನ್ನಿಟ್ಟು ಜಮಖಾನದ ಮೇಲೆ ಎರಡು ಸಲ ಎಳೆದು ಹೊರತೆಗೆದ. ಬಿಲ್ಲೆ ಮಸಿಬಟ್ಟೆಯಾಗಿತ್ತು. "ನೋಡಿ ಅಕ್ಕ," ಎಂದು ಅತ್ತಿಗೆ ವರಲಕ್ಷ್ಮಮ್ಮನ ಮುಂದೆ ಹಿಡಿದ.

"ದಿನಾ ಎರಡು ಹೊತ್ತು ಗುಡಿಸ್ತೀನಿ ಕಣಪ್ಪಾ," ಎಂದರು ಅತ್ತಿಗೆ, ಮುಖ ಕೆಂಪಾಗಿ. "ನಮ್ಮನೆ ಕೊಳಕು ಅಂತ ತೋರ್ಸೋಕೆ ಕರೆಸಿದೀಯಾ ಮೂರ್ತಿ?" ಆಮೇಲೆ ತಾವೇ ಸಮಾಧಾನವಾಗಿ, "ಅಟ್ಟದ ಜೇಡನ ಬಲೆ ತೆಗೆಯುತ್ತಾ?" ಎಂದು ಕೇಳಿದರು. ತೆಗೆಯಿತು. ಮಕ್ಕಳು ಬೆಕ್ಕಿನ ಬಾಲಕ್ಕೆ ಹಿಡಿದು ನೋಡಿದರು. ಪಕ್ಕದ ಮನೆಯವರು ಬಂದು, ರಾಗಿ ಹಿಟ್ಟು ಚೆಲ್ಲಿದರೆ ಎಳೆದುಕೊಂಡು ವಾಪಸು ಕೊಡುತ್ತದೆಯೇ ಎಂದು ವಿಚಾರಿಸಿದರು. ಪ್ರತಿಯೊಂದಕ್ಕೂ ಎಲ್ಲರೂ ಮೂರ್ತಿಯ ಕಡೆ ನೋಡುತ್ತಿದ್ದರು. ಪ್ರತಿಯೊಂದಕ್ಕೂ ಅವನು ಸವಿಸ್ತಾರವಾಗಿ ಉತ್ತರಿಸಿದ. ಇವರೆಲ್ಲ ಅವನನ್ನು ಹೀಗೆ ಕೇಳಿದ್ದು ಎಂದೂ ಇಲ್ಲ. ಚಿಕ್ಕಬಳ್ಳಾಪುರದ ಕಡೆಯ ಬಸ್ಸೊಂದು ಬೀದಿಯ ತುದಿಯಲ್ಲಿ ಹಾರನ್ ಹೊಡೆದು ಹೋಯಿತು. ಇದಲ್ಲ, ಇನ್ನೊಂದಕ್ಕೆ ಹೋದರಾಯಿತು ಎಂದುಕೊಂಡ.

ಅಣ್ಣ ಶೆಡ್ಡಿನಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. ಕೆಂಪು ಹಂಡೆಯನ್ನು ಎತ್ತಿ ತೂಕ ನೋಡಿದ.

"ಒಳ್ಳೇದೇ ಆಯ್ತು ಕಣೋ. ಶೆಡ್ಡಲ್ಲಿ ಮೋಟಾರಿಗೆಲ್ಲ ಪುಡಿ ಕೂತು ಹಾಳಾಗೋಗ್ತದೆ. ಇದನ್ನ ಅಲ್ಲೇ ಇಟ್ಕೊಳಾನ. ಬಂದೋಬಸ್ತಾಗಿದೆ."

"ಇದು ರೂಮಿಗೆ ಅಂತ..."

"ರೂಮಿಗೂ ಹಾಕ್ಕೋ, ಯಾರು ಬೇಡ ಅಂದೋರು? ಭಾನ್ವಾರ ಭಾನ್ವಾರ ತಗೊಂಡ್ ಹೋಗು."

ಅತ್ತಿಗೆ ನಕ್ಕರು. "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ರೂಮಲ್ಲಿ ಈಗ ಯಾರಿದಾರೆ ಮೂರ್ತಿ?"

ಮಾತು ತಮಾಷೆಗೆ ಆಡಿದ್ದು. ಎಲ್ಲರೂ ನಕ್ಕಮೇಲೆ ಮೂರ್ತಿಯೂ ನಕ್ಕ. ನಕ್ಕದ್ದಕ್ಕೆ ನಾಚಿಕೆಯಾಗಿ, ಪುಟ್ಟ ಬೂದು ಯಂತ್ರವನ್ನು ಕಂಕುಳಲ್ಲಿರಿಸಿಕೊಂಡು ತನ್ನ ಕೋಣೆಗೆ ನಡೆದ. ಖಾಜಾ ಪೀರ್ ಪೈಪು ಹಿಡಿದು ಹಿಂದೆ ಬಂದ. "ಹಾಸಿಗೆ ಮೇಲೆ ಒಂದ್ಸಲ ತೋರಿಸ್ತೀನಿ ಸರ್, ಎಲ್ಲರೂ ಅಲ್ಲೇ ಒಪ್ಕೊಳ್ಳೋದು," ಎಂದ.

"ನಾನೇ ಮಾಡ್ತೀನಿ. ನೀವು ಕಾಫಿ ಕುಡೀರಿ."

ಕೋಣೆಯ ಕಿಟಕಿಗಳನ್ನು ಪುಡಿ ಬರದಿರಲೆಂದು ಶ್ಯಾಮಲ ಯಾವಾಗಲೂ ಮುಚ್ಚಿರುತ್ತಿದ್ದಳು. ಬಾಗಿಲು ಎಳೆದುಕೊಂಡು ಮೂರ್ತಿ ಯಂತ್ರ ಹಚ್ಚಿದ. ಆ ಸದ್ದು ಅವನಿಗೆ ಹಿತವೆನ್ನಿಸಿತು. ಅದರೊಳಗೆ ಯಾರ ಮಾತೂ ಕೇಳುವಂತಿರಲಿಲ್ಲ, ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ತನ್ನ ಕಡೆಯ ಹಾಸಿಗೆ, ತನ್ನ ದಿಂಬು, ಪುಸ್ತಕದ ಕಪಾಟಿನ ಕೆಳಗೆ, ಎಲ್ಲ ಮುಗಿಸಿದ. ಬೆವೆತ. ಮಂಚ ಸುತ್ತಿ ಅವಳ ಕಡೆಗೆ ಬಂದ.

ಅಲ್ಲಿ ಪೈಪಿನೊಳಗೆ ಏನೋ ಗಿಲಗಿಲ ಅಂದಿತು. ಹೇರ್‌ಪಿನ್ನಿರಬೇಕು. ಇನ್ನೊಮ್ಮೆ ಟಕ್ಕೆಂದಿತು. ಮುರಿದ ಬಳೆಯ ಚೂರೋ, ಮಾತ್ರೆಯೋ. ಗೋಡೆಗಂಟಿಸಿದ್ದ ಹಣೆಬೊಟ್ಟೊಂದು ಕಿತ್ತು ಹೋಯಿತು. ನಿಲ್ಲಿಸಬೇಕೆಂದು ಅವನಿಗೆ ತೋರಿತು. ಆದರೆ ನೆಲ ಹಸನಾಗುತ್ತ ಬರುತ್ತಿತ್ತು. ಹಸನಾದ ಮೇಲೆ ಅಲ್ಲಿ ಯಾರೂ ಮಲಗಿರಲಿಲ್ಲವೇನೋ ಎಂಬಂತಿತ್ತು. ಕೈ ತಾನಾಗಿ ಮುಂದಕ್ಕೆ ಎಳೆಯಿತು.

ಆಗ ಕರೆಂಟು ಹೋಯಿತು.

ಯಂತ್ರ ನರಳಿ ನಿಂತಿತು. ಹಿತ್ತಿಲಿನ ಶೆಡ್ಡೂ ಒಮ್ಮೆಗೇ ಸುಮ್ಮನಾಯಿತು. ಆ ಮನೆ ಅಷ್ಟು ನಿಶ್ಶಬ್ದವಾದದ್ದನ್ನು ಅವನು ಎಂದೂ ಕೇಳಿರಲಿಲ್ಲ. ಖಾಜಾ ಪೀರ್ ಬಾಗಿಲು ತಳ್ಳಿ ಇಣುಕಿದ.

"ಸರ್, ಯಾವುದನ್ನ ಇಡೋಣ?"

"ಇನ್ನೂ ನೋಡ್ಬೇಕು."

"ಹಂಗಿದ್ರೆ ಎರಡೂ ಇಲ್ಲೇ ಇರ್ಲಿ, ನಾಳೆ ಬಂದು ಬೇಡದ್ದು ತಗೊಂಡ್ ಹೋಗ್ತೀನಿ. ನಾನೀಗ ಚಿಕ್ಕಬಳ್ಳಾಪುರಕ್ಕೆ ಹೊರಟೆ, ಡೆಮೋ ಮೆಷಿನ್ನು ಅಲ್ಲೇ ಇದೆ. ಅಮ್ಮಾವ್ರು ಹೇಳಿದ್ರು, ನೀವೂ ಹೋಗ್ಬೇಕಂತೆ? ಹಿಂದೆ ಸೀಟು ಖಾಲಿ ಇದೆ, ಬನ್ನಿ ಸರ್."

ಖಾಜಾ ಪೀರನ ಹಿಂದೆ ಅಕ್ಕಯ್ಯಮ್ಮ ನಿಂತಿದ್ದರು. ಬಾಗಿಲಿಂದಲೇ ಕೋಣೆಯನ್ನೊಮ್ಮೆ ನೋಡಿದರು. ಮಂಚ, ನೆಲ, ಬರಿದಾದ ಗೋಡೆ. ಅವರ ಮುಖ ಸಣ್ಣದಾಯಿತು.

"ಸಾಕು ನಿಲ್ಸೋ," ಎಂದರು ಮೆಲ್ಲಗೆ. "ಇನ್ನೂ ಹೊತ್ತು ಮೀರಿಲ್ಲ, ಹೋಗು."

"ಅಮ್ಮಾ, ಅವಳು ಬೇರೆ ಮನೆ ಮಾಡೋಣ ಅಂತ..."

"ಗೊತ್ತು. ನನ್ನತ್ರ ಹೇಳಿದ್ಳು. ಮಾಡ್ಕೊಳಿ. ಚಿಕ್ಕಬಳ್ಳಾಪುರ ಏನು ಕಾಶಿನಾ? ನಾನೇ ಬಂದು ಹಾಲು ಉಕ್ಕಿಸಿ ಕೊಡ್ತೀನಿ."

ಮೂರ್ತಿ ತಾಯಿಯನ್ನೇ ನೋಡಿದ. ಇಷ್ಟು ದಿನ ಯಾವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದನೋ ಅದು ಅಲ್ಲಿ ಇರಲೇ ಇಲ್ಲ. ಈಗ ಅವನನ್ನು ಹಿಡಿದವರು ಯಾರೂ ಇರಲಿಲ್ಲ. ಸ್ಕೂಟರಿತ್ತು, ಹೊತ್ತಿತ್ತು, ಒಪ್ಪಿಗೆಯಿತ್ತು. ಚಪ್ಪಲಿ ಹಾಕಿಕೊಳ್ಳುವುದಷ್ಟೇ ಉಳಿದಿತ್ತು. ಅವನಿಗೆ ಭಯವಾಯಿತು. ಆ ಚಿಕ್ಕ ಬಾಡಿಗೆ ಮನೆಯಲ್ಲಿ ಶೆಡ್ಡಿನ ಸದ್ದಿಲ್ಲದೆ, ಅಣ್ಣ ಅತ್ತಿಗೆಯರಿಲ್ಲದೆ, ಅವಳ ಎದುರು ಕೂತು ತಾನು ಏನು ಮಾತಾಡುವುದು?

"ಅರ್ಧ ಆಗಿದೆ," ಎಂದ. "ಕರೆಂಟು ಬರ್ಲಿ. ಇದೊಂದು ಮುಗಿಸಿ ಹೋಗ್ತೀನಿ."

ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಸ್ಕೂಟರು ಎರಡು ಸಲ ಕೆಮ್ಮಿ, ಸ್ಟಾರ್ಟಾಗಿ, ಬೀದಿಯ ತಿರುವು ದಾಟಿ ಕೇಳಿಸದಾಯಿತು.

ಮೂರ್ತಿ ಅವಳ ಕಡೆಯ ಮಂಚದಂಚಿಗೆ ಕೂತ. ತೊಡೆಯ ಮೇಲೆ ಯಂತ್ರದ ಸೊಂಡಿಲು. ಅದರ ಬಾಯಲ್ಲಿ ಉದ್ದನೆಯ ಕೂದಲೊಂದು ಸಿಕ್ಕಿಕೊಂಡಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಎರಡು ಬೆರಳಲ್ಲಿ ಹಿಡಿದೆಳೆದರೆ ಬರುತ್ತಿತ್ತು. ಎಳೆಯಬೇಕೇ ಬಿಡಬೇಕೇ ಎಂದು ನೋಡುತ್ತ ಕೂತ. ಅವನು ಉಸಿರು ಬಿಟ್ಟಾಗಲೆಲ್ಲ ಕೂದಲು ತುಸು ಅಲುಗುತ್ತಿತ್ತು. ಅದು ಅಲುಗದಿರಲೆಂದು ಉಸಿರು ಹಿಡಿದ. ಎದೆ ಬಿಗಿಯತೊಡಗಿತು, ಕಿವಿಯಲ್ಲಿ ಸಣ್ಣಗೆ ಸಿಳ್ಳು ಕೇಳಿತು. ಇನ್ನೂ ಸ್ವಲ್ಪ ಹೊತ್ತು ತಡೆಯೋಣವೆಂದುಕೊಂಡ.

ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ. ಕರೆಂಟು ಬಂತು. ಹಿತ್ತಿಲಿನಲ್ಲಿ ಶೆಡ್ಡು ಒಮ್ಮೆಗೇ ಗುಂಯ್ಗುಟ್ಟಿತು, ತೊಡೆಯ ಮೇಲಿನ ಸೊಂಡಿಲು ನಡುಗಿತು, ಕೂದಲು ಇರಲಿಲ್ಲ. ಅವನು ಎದ್ದು ಉಳಿದ ನೆಲವನ್ನು ಮುಗಿಸತೊಡಗಿದ.