ಮಣ್ಣು ಬೀಳುವ ತನಕ

“ಎಡಾ ಮಾದಾ, ನಿನ್ನ ಕಾಡುಬೆಕ್ಕುಗಳು ಇವತ್ತಾದ್ರೂ ಗಂಜಿ ನೆಕ್ಕುತ್ತವೋ, ಇಲ್ಲ ನಿನ್ನ ಖಾಕೀನೂ ಬಿಚ್ಚಿಸಿ ಅವರ ಜೊತೆ ಒಳಗೆ ನೂಕ್ಲೋ?”

ಜೈಲರ್ ದಾಮೋದರನ್ ಕನ್ನಡ ಕಲಿತದ್ದು ಅಪ್ಪನ ಗದ್ದೆಯ ಆಳುಗಳನ್ನು ಬಯ್ಯುವುದಕ್ಕೆ. ಅದರಾಚೆಯ ಕನ್ನಡ ಅವನಿಗೆ ಎಂದೂ ಬೇಕಾಗಿರಲಿಲ್ಲ.

ಮಾದನ್ ನೆಟ್ಟಗೆ ನಿಂತೇ ಇದ್ದ. ವಯನಾಡು ಜಿಲ್ಲೆಯಾದ ಮೇಲೆ ಅವನ ಹಾಡಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವನು ಅವನೊಬ್ಬನೇ. ವಾರ್ಡರ್ ಹುದ್ದೆಯನ್ನು ಖಾಯಂ ಮಾಡುವ ಕಾಗದ ಜೈಲರನ ಮೇಜಿನ ಮೇಲೆ ಸಹಿಗೆ ಕಾದು ಬಿದ್ದಿತ್ತು.

ಒಳಗೆ ಇಪ್ಪತ್ತು ಮಂದಿ ಊಟ ಬಿಟ್ಟು ಮೂರು ದಿನವಾಗಿತ್ತು. ಕೂಲಿ ಹೆಚ್ಚಿಸದೆ ಕೊಯ್ಲಿಗೆ ಇಳಿಯುವುದಿಲ್ಲ ಎಂದದ್ದಕ್ಕೆ ತೃಶ್ಶಿಲೇರಿಯಿಂದ ಹಿಡಿದು ತಂದಿದ್ದ ಹಾಡಿಯವರು. ಅವರ ಜೊತೆಗೇ ತಂದಿದ್ದ ಕುಳ್ಳನ್ ಎಂಬವನು ಲಾಠಿ ಏಟಿಗೆ ಸತ್ತಿದ್ದ. ಹೆಣ ಇನ್ನೂ ಕಲ್ಲಿಕೋಟೆಯ ಶವಾಗಾರದಲ್ಲಿತ್ತು. ಅವರ ಕಟ್ಟಳೆಯಂತೆ, ಹಾಡಿಯವನೊಬ್ಬ ಅದರ ಮೇಲೆ ಹಿಡಿ ಮಣ್ಣು ಹಾಕುವ ತನಕ ಉಳಿದವರು ನೀರು ಕುಡಿಯಬಹುದು, ಅನ್ನ ಮುಟ್ಟುವಂತಿಲ್ಲ. ಗಂಜಿಯ ಹಂಡೆ ಉರುಳಿಸಿ ಏಟು ತಿಂದವರು ಈಗ ಸುಮ್ಮನೆ ಗೋಡೆಗೆ ಒರಗಿದ್ದರು.

“ನಾಳೆ ತಪಾಸಣೆಗೆ ದೊಡ್ಡೋರು ಬರ್ತಾರೆ. ಹೋಗಿ ಹೇಳು, ಮಣ್ಣಾಯ್ತು, ನಾನೇ ಹಾಕ್ದೆ ಅಂತ. ನಾನು ಹೇಳಿದ್ರೆ ನಂಬಲ್ಲ ಬೋಳಿಮಕ್ಕಳು.”

“ಸತ್ತೋರ ಹೆಸರಲ್ಲಿ ನಮ್ಮೋರು ಸುಳ್ಳು ಹೇಳಾಕಿಲ್ಲ ಸಾರೇ.”

“ಹಂಗಾದ್ರೆ ಆ ಮುದುಕ ಕೇತನ್ ಸಾಯ್ಲಿ ಬಿಡು. ಇನ್ನೊಂದು ದಿನ ತಡೀತಾನಾ ಅವ್ನು?”

ಆ ಮಾತು ನಾಟಿತು. ಮಾದನ್ ಹಂಡೆ ಎತ್ತಿಕೊಂಡು ಹೋಗಿ ಕೋಣೆಯ ಬೀಗ ತೆಗೆದ.

ಕೇತನ್ ಮೂಲೆಯಲ್ಲಿ ಮಲಗಿದ್ದ. ಯಾರೋ ತಮಗಿದ್ದ ಒಂದೇ ಅಂಗಿಯನ್ನು ಮಡಿಸಿ ಅವನ ತಲೆಯಡಿಗೆ ಇಟ್ಟಿದ್ದರು.

“ತಾತ, ಮಣ್ಣಾಯ್ತು,” ಎಂದ ಮಾದನ್. “ನಾನೇ ಹಾಕ್ದೆ. ಉಣ್ಣಿ ಎಲ್ರೂವೆ.”

ಒಬ್ಬ ತಟ್ಟೆಗೆ ಕೈ ಚಾಚಿದ.

“ಬಾ ಮಗ, ಹತ್ರ ಬಾ,” ಎಂದ ಕೇತನ್. ಗದ್ದ ಹಿಡಿದು ಮಾದನ್‌ನ ಮುಖವನ್ನು ಬಳಿಗೆ ಎಳೆದುಕೊಂಡ. ಕೂಸಿನ ಬಾಯಿ ಮೂಸುವ ತಾಯಿಯ ಹಾಗೆ ಮೂಸಿದ. “ಹಸಿದ ಹೊಟ್ಟೆ ವಾಸ್ನೆ ಹೊಡೀತದೆ. ಮಣ್ಣಾಕ್ದೋನು ನೀನ್ಯಾಕೆ ಉಂಡಿಲ್ಲ?”

ಮೂರು ದಿನವೂ ಬುತ್ತಿಯನ್ನು ಜೈಲಿನ ಹಿಂದಿನ ತೋಡಿನ ನೀರಿಗೆ ಸುರಿದದ್ದನ್ನು ಮಾದನ್ ಹೆಂಡತಿಗೂ ಹೇಳಿರಲಿಲ್ಲ.

“ಸುಳ್ಳು ಹೇಳಾಕೂ ಹೊಟ್ಟೆ ತುಂಬಿರಬೇಕು ಕಣ್ಲಾ,” ಎಂದು ಮುದುಕ ಅವನ ಕೆನ್ನೆ ತಟ್ಟಿದ. ಯಾರೋ ಕಿಸಕ್ಕನೆ ನಕ್ಕರು. ಕೈ ಚಾಚಿದವನು ತಟ್ಟೆಯನ್ನು ಮೆಲ್ಲಗೆ ಬೋರಲು ಹಾಕಿದ.

ಕಚೇರಿಯಿಂದ ಜೈಲರನ ಕೂಗು ಬಂತು. “ಉಂಡವೇನೋ ನಾಯಿಗಳು?”

“ಇಲ್ಲ ಸಾರೇ.” ಮಾದನ್ ಬಾಗಿಲ ಕಡೆ ತಿರುಗಿ ಕೂಗಿದ. “ನಾವು ಉಂಡಿಲ್ಲ. ಹೆಣ ತರ್ಸಿ.”

ಮೇಜಿನ ಮೇಲಿದ್ದ ಅವನ ಖಾಯಂ ಕಾಗದ ಹರಿದದ್ದು ಅಲ್ಲಿಯ ತನಕ ಕೇಳಿಸಿತು. ಹಿಂದೆಯೇ ಬೂಟುಗಳು, ಗೋಡೆಯ ಮೊಳೆಯಿಂದ ಲಾಠಿ ಇಳಿಸುವ ಸಪ್ಪಳ.

ಮಾದನ್ ಬೆಲ್ಟು ಬಿಚ್ಚಿ ಹಂಡೆಯ ಪಕ್ಕ ಇಟ್ಟ. ತೆರೆದ ಬಾಗಿಲಿನ ಹೊಸ್ತಿಲ ಮೇಲೆ ಅಡ್ಡಲಾಗಿ ಕುಳಿತ. ಒಳಗೆ ಬರುವವರು ಅವನನ್ನು ತುಳಿದೇ ಬರಬೇಕಿತ್ತು.